ಕುಡಿದವರಿಗೆ ಕುರ್ಚಿ

“ಕುರ್ಚಿಗೆ ಮೂರು ರೂಪಾಯಿ, ಬೆಂಚಿಗೆ ಒಂದೂವರೆ, ನೆಲಕ್ಕೆ ಎಂಟಾಣೆ. ಮುಗೀತು,” ಎಂದ ನಾಟಕದ ಉಸ್ತುವಾರಿ ಹೊತ್ತಿದ್ದ ಅಪ್ಪಯ್ಯಣ್ಣ.

“ಹೆಂಗಸ್ರಿಗೆ?” ಎಂದು ಯುವಕ ಸಂಘದ ಕಾರ್ಯದರ್ಶಿ ಬೈರಣ್ಣ ತಲೆ ಕೆರೆದುಕೊಂಡ.

ಅದೇ ತೊಡಕು. ದೊಡ್ಡಬೆಳವಂಗಲದ ಶಾಲೆಗೆ ಒಂದು ಕೋಣೆ ಕಟ್ಟಿಸಲು ದುಡ್ಡು ಬೇಕಿತ್ತು, ಅದಕ್ಕೆ ನಾಟಕ. ಅರವತ್ತೆಂಟನೇ ಇಸವಿಯ ಮಾತು. ಸಂಘಕ್ಕೆ ಬರುತ್ತಿದ್ದುದು ರಾಕ್ಷಸ ಸಂಹಾರದ ಒಂದೇ ನಾಟಕ, ಅದನ್ನೇ ವರ್ಷ ವರ್ಷ ಆಡುತ್ತಿದ್ದರು. ಆದರೂ ದೊಡ್ಡಬಳ್ಳಾಪುರದಿಂದ ಎತ್ತಿನ ಗಾಡಿಯಲ್ಲಿ ಪರದೆಗಳು ಬಂದಿಳಿದರೆ ಸಾಕು, ಅವುಗಳ ಸುರುಳಿ ಬಿಚ್ಚುವುದನ್ನು ನೋಡಲೇ ಅರ್ಧ ಊರು ನೆರೆಯುತ್ತಿತ್ತು. ಎಂಥ ಸಡಗರ ಅದು! ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಆದರೆ ಹೆಂಗಸರ ಕೈಯಲ್ಲಿ ಆಗ ಕಾಸು ಆಡುತ್ತಿರಲಿಲ್ಲ.

ಪಡಸಾಲೆಯ ಮೂಲೆಯಲ್ಲಿ ಅತ್ತಿಗೆಯ ಜೊತೆ ಅವರೆಕಾಯಿ ಸುಲಿಯುತ್ತಿದ್ದ ಅಪ್ಪಯ್ಯಣ್ಣನ ತಂಗಿ ಲಕ್ಷ್ಮೀದೇವಮ್ಮ ತಲೆ ಎತ್ತದೆಯೇ ಹೇಳಿದಳು: “ಸೇರು ರಾಗಿ ತಗೊಂಡು ಒಳಕ್ಕೆ ಬಿಡಣ್ಣ. ಕಾಸಿನ ಪೆಟ್ಟಿಗೆಗೆ ಬೀಗ ಇರುತ್ತೆ, ರಾಗಿ ಗುಡಾಣಕ್ಕೆ ಇರಲ್ಲ.”

“ಹಂಗಾದ್ರೆ ಗೇಟಲ್ಲಿ ನಾನು ಸೇರು ಹಿಡ್ಕೊಂಡು ಕೂರ್ಬೇಕು ಅನ್ನು!” ಎಂದು ಬೈರಣ್ಣ ನಕ್ಕ. ಅಪ್ಪಯ್ಯಣ್ಣನೂ ನಕ್ಕು ಒಪ್ಪಿಕೊಂಡ.

ಉಳಿದದ್ದು ಕುಡಿತದ ವಿಚಾರ. ಪಾನನಿಷೇಧ ತೆಗೆದು ಸಾರಾಯಿ ಅಂಗಡಿ ಬಾಗಿಲು ತೆರೆದ ಹೊಸತು. ಖಾದಿ ಜುಬ್ಬದ ಅಪ್ಪಯ್ಯಣ್ಣನಿಗೆ ಅದರ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. “ಕುಡಿದೋರಿಗೆ ಪ್ರವೇಶವಿಲ್ಲ. ಎಂದಿನಂಗೆ ಬಾಯಿ ಮೂಸೇ ಒಳಕ್ಕೆ ಬಿಡ್ಬೇಕು,” ಎಂದ. ಅದು ಕದ್ದು ಕುಡಿಯುತ್ತಿದ್ದ ಕಾಲದಲ್ಲೇ ಅವನು ತಂದ ಪದ್ಧತಿ. ಎಂಥ ಯಜಮಾನನೇ ಬರಲಿ, ಗೇಟಿನಲ್ಲಿ ನಿಂತು “ಹಾ” ಎಂದು ಬೈರಣ್ಣನ ಮುಖಕ್ಕೆ ಉಸಿರು ಬಿಡಲೇಬೇಕು. ಪಾಪ, ಬೈರಣ್ಣನಿಗೆ ಮಾರನೆಯ ದಿನ ಊಟ ಸೇರುತ್ತಿರಲಿಲ್ಲ.

“ಕುಡಿದೋರ್ನೂ ಒಳಕ್ಕೆ ಬಿಡಣ್ಣ,” ಎಂದಳು ಲಕ್ಷ್ಮೀದೇವಮ್ಮ.

“ಏನಂದೆ?”

“ಬೇಕಾದ್ರೆ ಎರಡರಷ್ಟು ಕಾಸು ಕಿತ್ಕೋ. ಒಳಕ್ಕೆ ಬಿಡು.”

“ಕುಡುಕರ ಮೇಲೆ ಏನಕ್ಕಾ ಇಷ್ಟು ಕನಿಕರ?” ಬೈರಣ್ಣ ಮತ್ತೆ ನಕ್ಕ. ಅವಳು ನಗಲಿಲ್ಲ.

“ನೀನು ಗೇಟಿಂದ ಅಟ್ಟಿದೋರು ಎಲ್ಲಿಗೋಗ್ತಾರೆ ಬೈರಣ್ಣ? ಮನೆಗೆ. ಮನೇಲಿ ಯಾರೂ ಇಲ್ಲ ಅಂದ್ರೆ ವಾಪಸ್ ಬಂದು ಬೇಲಿ ಆಚೆ ನಿಂತು ಹೆಂಡ್ತಿ ಹೆಸರು ಹಿಡಿದು ಕೂಗ್ತಾರೆ. ಚಾಪೆ ಸುತ್ಕೊಂಡು ಎದ್ದೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಜನದ ಮುಂದೆ ಮಾನ ಹೋಗುತ್ತೆ. ಹೋದ್ರೆ, ಬಾಗಿಲು ಹಾಕ್ಕೊಂಡ ಮೇಲೆ...” ಮಾತು ಅಲ್ಲಿಗೇ ಬಿಟ್ಟು ಅವಳು ಇನ್ನೊಂದು ಕಾಯಿ ಸುಲಿದಳು.

ಯಾರ ಮನೇಲಿ ಎಂದು ಕೇಳಲು ಬಾಯಿ ತೆರೆದ ಅಪ್ಪಯ್ಯಣ್ಣ ಹಾಗೆಯೇ ಮುಚ್ಚಿದ. ಪ್ರತಿ ವರ್ಷವೂ ನಾಟಕದ ನಡುವೆ ತಂಗಿ ಚಾಪೆ ಸುತ್ತಿಕೊಂಡು ಹೊರಡುವುದನ್ನು ಮುಂದಿನ ಕುರ್ಚಿಯಿಂದ ಅವನು ನೋಡಿದ್ದ. “ಗಂಡನಿಗೆ ಬಿಸಿ ಮುದ್ದೆ ಇಕ್ಕೋಕೆ ಹೊರಟ್ಲು. ನಮ್ಮನೆ ಹೆಣ್ಮಕ್ಕಳು ಅಂದ್ರೆ ಹಂಗೆ,” ಎಂದು ಪಕ್ಕದವರಿಗೆ ಹೆಮ್ಮೆಯಿಂದ ಹೇಳಿಯೂ ಇದ್ದ. ಭಾವ ಗೋಪಾಲಪ್ಪ ಸ್ವಲ್ಪ ತೆಗೆದುಕೊಳ್ಳುತ್ತಾನೆ ಎಂಬುದು ಗೊತ್ತಿತ್ತು. ಅಷ್ಟೇ ಗೊತ್ತಿದ್ದದ್ದು. ತಂಗಿ ಕಣ್ಣ ಮುಂದೆಯೇ ಇರಲಿ ಎಂದು ಊರೊಳಗೇ ಕೊಟ್ಟವನು ಅವನೇ.

ಅವನು ಬೈರಣ್ಣನ ಕಡೆ ತಿರುಗಿದ. “ಬೈರಾ, ಈ ಸಲ ಮೂಸೋದು ಬೇಡ. ಕುಡಿದು ಬಂದೋರಿಗೆ ಕುರ್ಚಿ ಟಿಕೆಟ್ಟೇ ಕೊಡು. ಮುಂದಿನ ಸಾಲು. ನಾಟಕ ಮುಗಿಯೋವರೆಗೂ ಎದ್ದೇಳಂಗಿಲ್ಲ ಅಂತ ಹೇಳು.”

ನಾಟಕದ ದಿನ ಗೋಪಾಲಪ್ಪ ತೂರಾಡುತ್ತ, ಜಗಳಕ್ಕೆ ಸಿದ್ಧನಾಗಿಯೇ ಗೇಟಿಗೆ ಬಂದ. ಅಪ್ಪಯ್ಯಣ್ಣ ಅವನ ಹೆಗಲಿಗೆ ಕೈ ಹಾಕಿ, “ಬನ್ನಿ ಭಾವ, ನಿಮಗೆ ನನ್ನ ಪಕ್ಕದ ಕುರ್ಚಿ,” ಎಂದು ಕರೆದೊಯ್ದು ಕೂರಿಸಿದ. ಅಂಥ ಮರ್ಯಾದೆಗೆ ಭಾವ ಬೆಪ್ಪಾದ. ಹಾರ್ಮೋನಿಯಂ ಶುರುವಾಗುವುದರೊಳಗೆ ಗೊರಕೆ ಹೊಡೆಯತೊಡಗಿದ. ನಡುನಡುವೆ ಎಚ್ಚರವಾಗಿ ಹೆಂಗಸರ ಕಡೆ ತಿರುಗಿದಾಗೆಲ್ಲ ಅಪ್ಪಯ್ಯಣ್ಣನ ಕೈ ಅವನ ತೋಳನ್ನು ಬಿಗಿಯಾಗಿ ಹಿಡಿದಿರುತ್ತಿತ್ತು.

ಪೂರ್ತಿ ಬೆಳಕಾದ ಮೇಲೆ ಮಂಗಳ ಹಾಡಿದರು. ಮಡಿಸಿದ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಲಕ್ಷ್ಮೀದೇವಮ್ಮ ಅಣ್ಣನ ಹತ್ತಿರ ಬಂದಳು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಮುಖದಲ್ಲಿ ಮದುವೆಗೆ ಮುಂಚಿನ ಹುಡುಗಿಯ ನಗು.

“ಆ ರಾಕ್ಷಸ ಕೊನೇಲಿ ಸಾಯ್ತಾನೆ ಅಂತ ಎಲ್ರೂ ಹೇಳೋರು ಕಣಣ್ಣ,” ಎಂದಳು. “ನಾನು ಎದ್ದೋಗೋವಾಗ ಮಾತ್ರ ಪ್ರತಿ ಸಲಾನೂ ಬದುಕೇ ಇರ್ತಿದ್ದ.”