ಕೋರಂ ಭರ್ತಿಯಾಗಿದೆ

ವಕೀಲರ ದನಿಗೆ ಇನ್ನೂ ಸ್ವಲ್ಪ ಗೊಗ್ಗರು ಬೇಕಿತ್ತು. ದಾಂಡಿಗ ಎರಡು ಸಲ ಕೆಮ್ಮಿ, ಗಂಟಲು ಕೆರೆದು, ಮೂಗಿನಲ್ಲಿ ಹೇಳಿ ನೋಡಿದ: "ಮಾನ್ಯ ಸಮಿತಿಯ ಗಮನಕ್ಕೆ."

"ವಕೀಲರಿಗೂ ಕಾಫಿ ತರಲಾ, ಇಲ್ಲ ನಿಮಗೆ ಕೊಟ್ರೆ ಅವರಿಗೂ ಆಯ್ತಾ?" ಎಂದಳು ಹೆಂಡತಿ.

ನಗುವ ಹೊತ್ತಲ್ಲ. ನಾಳೆ ಫೈನಲ್. ಹದಿನಾಲ್ಕು ವರ್ಷ ಆಡಿ ಮುಟ್ಟಿದ ಮೊದಲ ಫೈನಲ್. ಮೊಣಕಾಲನ್ನು ಕೇಳಿದರೆ ಕೊನೆಯದೂ ಹೌದು. ಆದರೆ ಸೆಮಿಫೈನಲ್‌ನಲ್ಲಿ ತಾನು ಹೊಡೆದ ಚೆಂಡು ಗಾಳಿಗೇರಿದಾಗ, ಎದುರು ತಂಡದ ನಾಯಕನ ದನಿಯಲ್ಲಿ "ಬಿಡೋ, ನಂದು" ಎಂದು ಕೂಗಿಬಿಟ್ಟಿದ್ದ. ಹಿಡಿಯಬೇಕಾದವನು ಕೈ ಇಳಿಸಿ ನಿಂತ. ಚೆಂಡು ನೆಲಕ್ಕೆ ಬಿತ್ತು. ದಾಂಡಿಗನಿಗೆ ಅಮಾನತು ಬಿತ್ತು.

ಶಿಸ್ತು ಸಮಿತಿ ವಿಚಾರಣೆ ಮುಗಿಸುವ ತನಕ ಆಡುವಂತಿಲ್ಲ. ನಿಯಮ ಪುಸ್ತಕ ಖಡಾಖಂಡಿತ: ಸಮಿತಿಯ ಮೂವರೂ ಹಾಜರಿರಬೇಕು, ಆರೋಪಿಯ ವಕೀಲರೂ ಹಾಜರಿರಬೇಕು. ಒಬ್ಬರು ತಪ್ಪಿದರೂ ಮುಂದಿನ ವಾರಕ್ಕೆ. ದಾಂಡಿಗನ ವಕೀಲರು ಬೆಳಿಗ್ಗೆಯೇ ಕೈಕೊಟ್ಟಿದ್ದರು.

ನಾಲ್ಕು ಗಂಟೆಗೆ ಫೋನ್ ಬಂತು. ಸಮಿತಿಯ ಸದಸ್ಯರೂ ಆದ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯ ಕೀರಲು ದನಿ. "ಮೂರೂ ಜನ ಅವರವರ ಮನೆಯಿಂದಲೇ ಸೇರ್ಕೊಂಡಿದೀವಿ. ನಿಮ್ಮ ವಕೀಲರು?"

"ಇದೀನಿ," ಎಂದಿತು ಗೊಗ್ಗರು ಮೂಗು.

ಅಧ್ಯಕ್ಷರಾದ ನಿವೃತ್ತ ನ್ಯಾಯಾಧೀಶರು ಗುಡುಗಿದರು. ಸದಸ್ಯರಾದ ಮಾಜಿ ಅಂಪೈರ್ ಪದಕ್ಕೊಮ್ಮೆ ಉಸಿರೆಳೆದು ಪ್ರಶ್ನೆ ಕೇಳಿದರು. ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕಲೇ ಇಲ್ಲ. ಕಾರ್ಯದರ್ಶಿಯ ಮನೆ ಬಾಗಿಲನ್ನು ಯಾರೋ ತಟ್ಟಿದರು. ಅವರು ಹೋಗಿ ಬರುವವರೆಗೆ ಉಳಿದಿಬ್ಬರೂ ಪಿಟಕ್ಕೆನ್ನದೆ ಕಾದರು. ಶಿಸ್ತು ಸಮಿತಿ ಎಂದರೆ ಇದಪ್ಪಾ ಅಂದುಕೊಂಡ ದಾಂಡಿಗ.

"ಮೊದಲ ತಪ್ಪಿಗೆ ಎಚ್ಚರಿಕೆ ಸಾಕು ಅಂತ ನಿಮ್ಮ ನಿಯಮಾನೇ ಹೇಳುತ್ತೆ," ಎಂದರು ವಕೀಲರು.

"ತಪ್ಪಾಯ್ತು ಸರ್," ಎಂದ ದಾಂಡಿಗ, ಮೂಗು ಬಿಟ್ಟು ಬಾಯಿಗೆ ಬಂದು.

"ಹಾಗಾದ್ರೆ ಇನ್ನೊಮ್ಮೆ ಹೀಗಾಗಲ್ಲ ಅಂತ ನೀವಿಬ್ರೂ ಒಟ್ಟಿಗೆ ಹೇಳಿ," ಎಂದರು ಅಧ್ಯಕ್ಷರು.

ಹೆಂಡತಿ ದಿಂಬಿಗೆ ಮುಖ ಒತ್ತಿಕೊಂಡಳು. ದಾಂಡಿಗ ಮೂಗು ಹಿಡಿದ, ಬಿಟ್ಟ, ಮತ್ತೆ ಹಿಡಿದ.

"ಬೇಡ, ಬಿಡಿ," ಅಧ್ಯಕ್ಷರೇ ಮೆತ್ತಗಾದರು. "ಒಟ್ಟೊಟ್ಟಿಗೆ ಮಾತಾಡೋದು ಶಿಸ್ತಲ್ಲ. ನಾಳೆ ಆಡು. ಕ್ರೀಸಲ್ಲಿ ಮಾತ್ರ ಬಾಯಿ ಮುಚ್ಕೊಂಡಿರು."

ಫೋನ್ ಇಟ್ಟ ಮೇಲೆ ಗಂಡ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಡೀ ಸಮಿತಿಗೇ ಟೋಪಿ.

ಮರುದಿನ ಪ್ಯಾಡ್ ಕಟ್ಟಿ ಮೈದಾನಕ್ಕಿಳಿಯುವ ಮೆಟ್ಟಿಲ ಬಳಿ ಅಧ್ಯಕ್ಷರು ಕುಳಿತಿದ್ದರು. ಒಂದು ಕೆನ್ನೆ ಚೆಂಡಿನಷ್ಟು ಊದಿತ್ತು. ಪಕ್ಕದಲ್ಲಿ ಕಾರ್ಯದರ್ಶಿ, ಮುಖದಲ್ಲಿ ಯಾವ ಭಾವವೂ ಇಲ್ಲ.

"ನಿನ್ನೆ ನನ್ನ ಮಾತು ಕೇಳಿದ್ದಕ್ಕೆ ಥ್ಯಾಂಕ್ಸ್ ಸರ್," ಎಂದ ದಾಂಡಿಗ.

ಅಧ್ಯಕ್ಷರು ಹುಬ್ಬು ಗಂಟಿಕ್ಕಿ, ಜೇಬಿನಿಂದ ಚೀಟಿ ತೆಗೆದು ಬರೆದು ತೋರಿಸಿದರು: ದವಡೆ ಹಲ್ಲು ಕಿತ್ತು ನಾಲ್ಕು ದಿನ. ಮಾತೂ ಇಲ್ಲ, ಫೋನೂ ಇಲ್ಲ.

ದಾಂಡಿಗ ಬ್ಯಾಟ್ ಊರಿಕೊಂಡು ನಿಂತ. ಕಿವಿಯ ಹತ್ತಿರ ನಿನ್ನೆಯ ಅದೇ ಗುಡುಗು, ಪಿಸುದನಿಯಲ್ಲಿ:

"ನಾವು ಮೂವರೂ ಕ್ಷೇಮ. ನೀವಿಬ್ರೂ ಹೇಗಿದೀರಾ?"

ಕಾರ್ಯದರ್ಶಿ ಮುಸಿಮುಸಿ ನಕ್ಕರು. ದಾಂಡಿಗನ ನಗು ಮಾತ್ರ ಅವನಿಗಿಂತ ಮೊದಲೇ ಕ್ರೀಸ್ ತಲುಪಿತ್ತು.