ಮಧ್ಯಾಹ್ನದ ಹೆಪ್ಪು

ಅಂದು ರಾಗಿ ಕೇರಿ, ಅಂಗಳ ಸಾರಿಸಿ, ಅಜ್ಜಿಯೂ ನಾನೂ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆವು. ನೆರೆಮನೆಯ ರಂಗಕ್ಕ ಬರಿಯ ಬಟ್ಟಲು ಹಿಡಿದು ಬಂದಳು.

"ಅಜ್ಜೀ, ಒಂಚೂರು ಹೆಪ್ಪು ಕೊಡಿ."

"ಹೆಪ್ಪು ಹಾಕೋದು ರಾತ್ರಿ ಅಲ್ವೇನಕ್ಕ?" ಎಂದು ನಾನು ನಕ್ಕೆ.

ಅಜ್ಜಿ ನಗಲಿಲ್ಲ. ರಂಗಕ್ಕನನ್ನು ಒಳಗೆ ಕರೆದು ಬಾಗಿಲಿಗೆ ಅಗುಳಿ ಹಾಕಿದಳು. "ಹೆದ್ರಿಕೆ ಆದ್ರೆ ಹೆಪ್ಪು ಕೇಳ್ಕೊಂಡು ಬಾ ಅಂದಿದ್ದೆ, ಸದ್ಯ ಬಂದ್ಯಲ್ಲ. ನಿನ್ ಗಂಡ ಕುತ್ಗೆಗೆ ಕೈ ಹಾಕಿದ್ನೇನೇ?"

"ಇವತ್ತೇ ಮೊದ್ಲು ಕಣಜ್ಜಿ."

"ಕೆನ್ನೆಗೆ ಹೊಡೆಯೋನೇ ಬೇರೆ, ಕುತ್ಗೆ ಹಿಡಿಯೋನೇ ಬೇರೆ; ಅವ್ನು ಜೀವ ತೆಗೀತಾನೆ. ಇನ್ನು ಆ ಮನೆಗೆ ಹೋಗ್‌ಬ್ಯಾಡ ಕಣಮ್ಮ."

ಆಗಿನ್ನೂ ಸಣ್ಣ ವಯಸ್ಸು, ನನಗೆ ತಲೆಬುಡ ತಿಳಿಯಲಿಲ್ಲ. ಹೋಗಿ ಬಟ್ಟಲಿಗೆ ಹೆಪ್ಪು ಹಾಕಿ ತಂದೆ, ಯಾರೂ ಮುಟ್ಟಲಿಲ್ಲ. ಈಗಲೂ ಹುಳಿಮಜ್ಜಿಗೆಯ ವಾಸನೆಗೆ ಆ ಬಟ್ಟಲು ಕಣ್ಣಮುಂದೆ ಬರುತ್ತದೆ.

ರಾತ್ರಿ ಮುದ್ದೆ, ಹುರುಳಿ ಸಾರು ಉಂಡೆವು. ಮೊದಲು ನಿದ್ದೆಹೋದವಳು ರಂಗಕ್ಕ. ಅಜ್ಜಿ ಬಾಗಿಲಿಗೆ ಅಡ್ಡ ಚಾಪೆ ಹಾಸಿ ಕೂತೇ ಇದ್ದಳು.