ಬೋರ್ಡಿನಿಂದ ನಲವತ್ತು ಹೆಜ್ಜೆ

"ಆ ಡಬ್ಬಿ ಮೇಜಿನ ಮೇಲೆ ಇಡ್ಬೇಡಿ. ಅಲ್ಲಿ ಚಹಾ ಇಡ್ತೀವಿ," ಎಂದಳು ಎನಿಡ್ ಟ್ಯಾಗ್.

ಕ್ಲೈವ್ ಪೆಲ್‌ಹರ್ಸ್ಟ್ ಡಬ್ಬಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅದರೊಳಗೆ ಅವನ ಅಪ್ಪ ಸಿರಿಲ್ ಬೂದಿಯಾಗಿ ಕುಳಿತಿದ್ದ. ನಮ್ಮ ಊರಿನ ಹೆಸರೂ ಪೆಲ್‌ಹರ್ಸ್ಟ್. ಅಪ್ಪನನ್ನು ಇಲ್ಲಿಯ ಚರ್ಚಿನ ಹಿತ್ತಲಲ್ಲೇ ಮಣ್ಣು ಮಾಡಬೇಕೆಂದು ಅವನು ನಾಲ್ಕು ಮೈಲಿ ಆಚೆಯ ಕೆಟಲ್‌ವಿಕ್‌ನಿಂದ ಬಂದಿದ್ದ. ಆ ಹಿತ್ತಲಲ್ಲಿ ಯಾರಿಗೆ ಜಾಗ ಕೊಡಬೇಕು, ಯಾರಿಗೆ ಇಲ್ಲ ಎಂಬುದು ಎನಿಡ್ ಕೈಯಲ್ಲಿತ್ತು. ಪಾದ್ರಿಗೆ ಆರು ಊರುಗಳ ಚರ್ಚು; ಅವರು ನಮ್ಮ ಕಡೆ ತಲೆ ಹಾಕುವುದು ಮೂರು ವಾರಕ್ಕೊಮ್ಮೆ, ಅದೂ ಗಡಿಯಾರ ನೋಡಿಕೊಂಡು.

"ರಿಜಿಸ್ಟರ್ ಪೂರ್ತಿ ನೋಡ್ದೆ," ಎಂದಳು ಎನಿಡ್. "ನಾನೂರೈವತ್ತು ವರ್ಷದ್ದಿದೆ. ನಮ್ಮ ಟ್ಯಾಗ್ ಮನೆತನದೋರೇ ಇನ್ನೂರ ಹನ್ನೆರಡು ಜನ ಮಲಗಿದ್ದಾರೆ. ಪೆಲ್‌ಹರ್ಸ್ಟ್ ಅನ್ನೋನು ಒಬ್ಬನೂ ಇಲ್ಲ."

"ಊರಿನ ಹೆಸರೇ ನಮ್ಮ ಹೆಸರು, ಮಿಸೆಸ್ ಟ್ಯಾಗ್."

"ಅದಕ್ಕೇ ಇಲ್ಲ ಕಣಪ್ಪ. ಊರಲ್ಲೇ ಇರೋನನ್ನ ಊರಿನ ಹೆಸರು ಹಿಡಿದು ಯಾರು ಕರೀತಾರೆ? ಇಲ್ಲಿ ಎಲ್ಲರೂ ಪೆಲ್‌ಹರ್ಸ್ಟ್‌ನೋರೇ. ನಿಮ್ಮ ವಂಶದೋನು ಯಾವನೋ ಒಂದಿನ ಗಂಟುಮೂಟೆ ಕಟ್ಕೊಂಡು ಕೆಟಲ್‌ವಿಕ್‌ಗೆ ಹೋದ. ಅಲ್ಲಿಯೋರು ಅವನನ್ನ ಪೆಲ್‌ಹರ್ಸ್ಟ್ ಅಂದ್ರು. ಆ ಹೆಸರು ಸಿಗೋದೇ ಬಿಟ್ಟುಹೋದೋರಿಗೆ."

ಮಾತು ಸುಳ್ಳಲ್ಲ. ಕೆಟಲ್‌ವಿಕ್‌ನಲ್ಲಿ ಪೆಲ್‌ಹರ್ಸ್ಟ್ ಬೀದಿ ಇದೆ, ಪೆಲ್‌ಹರ್ಸ್ಟ್ ಬೇಕರಿ ಇದೆ, ಪೆಲ್‌ಹರ್ಸ್ಟ್ ಎಂಬ ಹಲ್ಲಿನ ಡಾಕ್ಟರೂ ಇದ್ದಾರೆ. ನಮ್ಮೂರಿನಲ್ಲಿ ಆ ಹೆಸರು ಹೊತ್ತುಕೊಂಡು ನಿಂತಿರುವುದು ರಸ್ತೆ ಬದಿಯ ಬೋರ್ಡು ಒಂದೇ.

ಸಿರಿಲ್ ಮೂವತ್ತೊಂದು ವರ್ಷ ಬಸ್ ಓಡಿಸಿದವನು. ದಿನಕ್ಕೆ ನಾಲ್ಕು ಸಲ ಆ ಬೋರ್ಡು ದಾಟುವಾಗ ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದ. ಇಲ್ಲಿ ಒಮ್ಮೆಯೂ ಇಳಿದವನಲ್ಲ, ಬಸ್ಸಿಗೆ ಹೊತ್ತಾಗುತ್ತಿತ್ತು. ಸತ್ತ ಮೇಲಾದರೂ ನಮ್ಮೂರಲ್ಲಿ ಇಳಿಸು ಎಂದು ಮಗನಿಗೆ ಹೇಳಿದ್ದ. ಅಪ್ಪ ಜೀವಮಾನದಲ್ಲಿ ಕೇಳಿದ್ದು ಅದೊಂದನ್ನೇ, ಅದನ್ನೂ ಮಾಡಲಾಗದಿದ್ದರೆ ಹೇಗೆ ಎಂಬುದು ಕ್ಲೈವ್‌ನ ಸಂಕಟ. ಅವನು ಡಬ್ಬಿಯ ಮುಚ್ಚಳವನ್ನು ತೋಳಿನಿಂದ ಒರೆಸಿದ.

"ಹಾಗಾದ್ರೆ ನಿಯಮ ಏನು?" ಎಂದ.

"ಇಲ್ಲಿ ಬದುಕಿರ್ಬೇಕು, ಇಲ್ಲಾ ಇಲ್ಲಿ ಸತ್ತಿರ್ಬೇಕು. ಉಳಿದಿರೋದು ಹನ್ನೊಂದು ಜಾಗ. ಎಪ್ಪತ್ತು ದಾಟಿದೋರು ಊರಲ್ಲಿ ಹದಿನಾಲ್ಕು ಜನ ಇದ್ದೀವಿ. ಈಗಾಗ್ಲೇ ಒಬ್ಬರನ್ನೊಬ್ಬರು ಒಂಥರಾ ನೋಡ್ತಾ ಇದ್ದೀವಿ. ನಿಮ್ಮ ತಂದೆ ಎಲ್ಲಿ ತೀರ್ಕೊಂಡ್ರು?"

"ಆಂಬುಲೆನ್ಸಲ್ಲಿ. ದೊಡ್ಡಾಸ್ಪತ್ರೆಗೆ ನಿಮ್ಮೂರ ಮೇಲೇ ದಾರಿ. ನಾನೂ ಜೊತೇಲಿದ್ದೆ. ಬೋರ್ಡು ಬಂತಾ, ಬೋರ್ಡು ಬಂತಾ ಅಂತ ಕೇಳ್ತಾನೇ ಇದ್ರು. ಇನ್ನೇನು ಬಂತು ಅಂದೆ. ಅಷ್ಟರಲ್ಲಿ ಉಸಿರು ನಿಂತುಹೋಯ್ತು, ಗಾಡಿ ನಿಲ್ಸಿದ್ರು. ಬೋರ್ಡು ಮುಂದೆ ಕಾಣ್ತಾ ಇತ್ತು. ತಲುಪಲಿಲ್ಲ."

ತಲುಪಿದರು ಎಂದು ಒಂದು ಸುಳ್ಳು ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಸ್ಟಾಪು ಬರುವ ಮೊದಲೇ ಬಂತು ಎನ್ನುವ ಅಭ್ಯಾಸ ಬಸ್ ಡ್ರೈವರನ ಮನೆಯಲ್ಲಿರಲಿಲ್ಲ.

ಎನಿಡ್ ಚಹಾದ ಕಪ್ಪು ಕೆಳಗಿಟ್ಟಳು. "ನಿಲ್ಸಿದ್ದು ಎಲ್ಲಿ? ಸರಿಯಾಗಿ ಹೇಳಿ."

"ಒಂದು ನೀಲಿ ಗೇಟಿನ ಹತ್ರ. ಇಪ್ಪತ್ತು ನಿಮಿಷ ಅದನ್ನೇ ನೋಡ್ತಾ ಕೂತಿದ್ದೆ. ಗೇಟಿನ ಕಂಬ ಗಾಡಿಯ ನಟ್ಟನಡುವಿಗೆ ಬಂದಿತ್ತು."

ಅವಳು ಎದ್ದು ಕೋಟು ಹಾಕಿಕೊಂಡು ಊರುಗೋಲು ತೆಗೆದುಕೊಂಡಳು. "ನಡೀರಿ. ನಿಮ್ಮ ತಂದೇನೂ ಬರ್ಲಿ."

ಬೋರ್ಡು ದಾಟಿ ಕೆಟಲ್‌ವಿಕ್ ಕಡೆಗೆ ಅವಳು ಹೆಜ್ಜೆ ಎಣಿಸುತ್ತ ಹೊರಟಳು. ನಲವತ್ತನೆಯದಕ್ಕೆ ನೀಲಿ ಗೇಟು ಬಂತು. ಕಂಬದ ಬುಡದಲ್ಲಿ ಬೆಳೆದಿದ್ದ ತುರಿಕೆ ಗಿಡಗಳನ್ನು ಕೋಲಿನಿಂದ ಸರಿಸಿದಳು. ಒಳಗೆ ಮೊಣಕಾಲುದ್ದದ ಒಂದು ಕಲ್ಲು ಪಾಚಿ ಹಿಡಿದು ನಿಂತಿತ್ತು.

"ಇದು ನಮ್ಮೂರ ಗಡಿಕಲ್ಲು. ಬೋರ್ಡು ಇಲ್ಲಿರ್ಬೇಕಿತ್ತು. ರಸ್ತೆಯೋರು ಅಗೆದ್ರೆ ಬಂಡೆ ಸಿಕ್ತು. ಎಲ್ಲಿ ಮಣ್ಣು ಮೆತ್ತಗಿತ್ತೋ ಅಲ್ಲಿ ನೆಟ್ಟು ಮನೆಗೆ ಹೋದ್ರು. ನಲವತ್ತು ವರ್ಷದಿಂದ ನಾನು ಕಾಗದ ಬರೀತಾನೇ ಇದ್ದೀನಿ."

"ಗಡಿ ಇದೇ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

"ಪ್ರತಿ ಮೇ ತಿಂಗಳಲ್ಲಿ ಊರೋರೆಲ್ಲ ಗಡಿ ಸುತ್ತಿ ಕಲ್ಲುಗಳಿಗೆ ಕೋಲಲ್ಲಿ ಹೊಡೀತೀವಿ. ನಂಗೆ ಏಳು ವರ್ಷ ಆದಾಗ ನಮ್ಮಜ್ಜ ನನ್ನ ಎರಡೂ ಕಾಲು ಹಿಡಿದು, ತಲೆಕೆಳಗೆ ಮಾಡಿ, ಈ ಕಲ್ಲಿಗೆ ತಲೆ ಕುಟ್ಟಿಸ್ದ. ಮರೀಬಾರ್ದು ಅಂತ. ಮರ್ತಿಲ್ಲ."

ಕ್ಲೈವ್ ಕಲ್ಲನ್ನು ನೋಡಿದ, ದೂರದ ಬೋರ್ಡನ್ನು ನೋಡಿದ. ಬಂತಾ ಎಂದು ಅಪ್ಪ ಕೇಳುತ್ತಿದ್ದಾಗ ಊರು ಬಂದೇ ಬಿಟ್ಟಿತ್ತು. ಅವನಿಗೆ ಅಳು ಬಂತು. ಡಬ್ಬಿ ಹಿಡಿದಿದ್ದರಿಂದ ಕಣ್ಣೊರೆಸಿಕೊಳ್ಳಲು ಕೈ ಇರಲಿಲ್ಲ. ಎನಿಡ್ ಅಷ್ಟು ಹೊತ್ತು ನೀಲಿ ಗೇಟಿನ ಬಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ಪರೀಕ್ಷಿಸಿದಳು.

ಆಮೇಲೆ ಕೇಳಿದಳು: "ಕಂಬ ನಟ್ಟನಡುವೆ ಅಂದ್ರೆ ಗಾಡಿ ಅರ್ಧ ಆಚೆ, ಅರ್ಧ ಈಚೆ. ಅವರ ತಲೆ ಯಾವ ಕಡೆಗಿತ್ತು?"

"ಡ್ರೈವರ್ ಕಡೆಗೆ."

"ಹಾಗಾದ್ರೆ ತಲೆ ನಮ್ದು," ಎಂದು ಅವಳು ಕೋಟಿನ ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡಳು. "ಶನಿವಾರ ಹನ್ನೊಂದಕ್ಕೆ ಬನ್ನಿ. ಗುಂಡಿ ತೋಡಿಸಿರ್ತೀನಿ."

ಕ್ಲೈವ್ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದ. "ಮತ್ತೆ ಕಾಲು?"

"ಅದು ಕೆಟಲ್‌ವಿಕ್‌ನೋರದ್ದು," ಎಂದಳು ಎನಿಡ್. "ಬೇಕಿದ್ರೆ ಬಂದು ಆರಿಸ್ಕೊಂಡು ಹೋಗ್ಲಿ."